ನೆತ್ತಿಯ ಮೇಲಿನ ಕಂಟೇನರು

"ಹಡಗ ಯಾಕ ಬೇಕ್ರಿ ಮೇಡಂ? ಇಲ್ಲಿಟ್ಟಿದ್ದು ಕಣ್ಣ ಮುಚ್ಚಿ ತಗಿಯೂದ್ರಾಗ ಅಲ್ಲಿರತೈತಿ," ಎಂದು ಗುರುಪಾದಪ್ಪ ತನ್ನ ಹೊಸ ಯಂತ್ರದ ಬೆನ್ನು ತಟ್ಟಿದ. ಹುಬ್ಬಳ್ಳಿಯ ಆ ವಾಲ್ವ್ ಕಾರ್ಖಾನೆಯಲ್ಲಿ ಅವನು ರಿಪೇರಿ ವಿಭಾಗದ ಮುಖ್ಯಸ್ಥ. ಕೆಟ್ಟದ್ದನ್ನು ಸರಿಮಾಡಿ ಬೇಸರವಾದಾಗಲೆಲ್ಲ ಸರಿಯಿದ್ದದ್ದನ್ನು ಬಿಚ್ಚುತ್ತಿದ್ದ. ವಿದೇಶಕ್ಕೆ ಮಾಲು ಕಳಿಸುವ ಹೊಣೆ ಹೊತ್ತ ಸುಲೋಚನಾಗೆ ಅವನ ನಗು ಕಂಡರೇ ಎದೆ ಢವಢವ ಎನ್ನುತ್ತಿತ್ತು.

ಆದರೆ ಯಂತ್ರ ಕೆಲಸ ಮಾಡಿತು! ಕಾಗದಪತ್ರ ಅದರ ಬಾಯಿಗೆ ತುರುಕಿದ್ದೇ ತಡ, ಮೇಜಿನ ಮೇಲಿದ್ದ ವಾಲ್ವ್ ಮಾಯ. ಜರ್ಮನಿಯ ಗಿರಾಕಿ ಫೋನ್ ಮಾಡಿ, ಅದು ತನ್ನ ಕಾಫಿ ಲೋಟದ ಪಕ್ಕ ಬಂದು ಕೂತಿದೆ ಎಂದ. ಮಾಲೀಕರಾದ ಸಾಹೇಬರು ಹಿರಿಹಿರಿ ಹಿಗ್ಗಿ, ಅಂಗಳದಲ್ಲಿದ್ದ ಇಪ್ಪತ್ತು ಟನ್ನಿನ ಕಂಟೇನರನ್ನೂ ಹಾಗೇ ಕಳಿಸಿಬಿಡಿ ಎಂದರು. ಅದೂ ಮಾಯವಾಯಿತು.

ಅರ್ಧ ಗಂಟೆಗೆಲ್ಲ ಮೊದಲಿನ ವಾಲ್ವ್ ಸುಲೋಚನಾಳ ಊಟದ ಡಬ್ಬಿಯ ಮೇಲೆ ದೊಪ್ಪನೆ ಬಿತ್ತು. ಮುದ್ರೆಯಿಲ್ಲದೆ ಗಡಿ ದಾಟಿದ ಮಾಲು ಬೇಡವೆಂದು ಅಲ್ಲಿಯ ಸುಂಕದವರು ಎರಡನ್ನೂ ತಿರಸ್ಕರಿಸಿದ್ದರು.

"ಬ್ಯಾಡಂದ್ರ ವಾಪಸ್ ಬರತೈತ್ರಿ," ಎಂದ ಗುರುಪಾದಪ್ಪ, ತುಸು ಹೆಮ್ಮೆಯಿಂದಲೇ. "ತಲುಪದಿದ್ದರೆ ಯಾರಿಗೆ ಅಂತ ಕಾಗದದಾಗ ಒಂದ ಕಾಲಂ ಐತೆಲ್ರಿ, ಅದರಾಗ ಯಾರ ಹೆಸರ ಐತೋ ಅವರ ಹಂತ್ಯಾಕ."

ಸುಲೋಚನಾ ಕಾಗದದ ಪ್ರತಿ ತೆಗೆದು ನೋಡಿದಳು. ಆ ಕಾರ್ಖಾನೆಯಲ್ಲಿ ಯಾವ ಕಾಲಂ ಖಾಲಿ ಉಳಿದರೂ ಅವಳ ಹೆಸರು ಬರೆದುಬಿಡುವುದು ಹನ್ನೊಂದು ವರ್ಷಗಳ ರೂಢಿ. ಕಂಟೇನರಿನ ಕಾಗದದಲ್ಲೂ ಅದೇ ಹೆಸರಿತ್ತು.

"ಕಂಟೇನರ್ ಎಲ್ಲಿಗೆ ಬರತೈತಿ?"

"ನೀವ್ ಎಲ್ಲಿರ್ತೀರೋ ಅಲ್ಲಿಗೆ. ಭಾರ ಐತಿ, ತುಸು ತಡಾ ಆಗತೈತಿ."

ಅವಳು ಅಂಗಳಕ್ಕೆ ಓಡಿದಳು. ಉಳಿದವರೆಲ್ಲ ಅವಳಿಂದ ದೂರ ಓಡಿದರು. ಆಕಾಶದಲ್ಲಿ ಒಂದು ಕಪ್ಪು ಚುಕ್ಕೆ ಮೂಡಿ, ಬರಬರುತ್ತ ಉದ್ದನೆಯ ಪೆಟ್ಟಿಗೆಯಾಯಿತು. ಅವಳು ಎಡಕ್ಕೆ ಸರಿದರೆ ಅದೂ ಎಡಕ್ಕೆ ಸರಿಯಿತು. ಸಂಜೆ ಮಗಳು ಬಾಗಿಲಲ್ಲಿ ಕಾಯುತ್ತಿರುತ್ತಾಳೆ ಎಂಬುದು ನೆನಪಾಗಿ ಅವಳಿಗೆ ಅಳು ಉಕ್ಕಿ ಬಂತು.

ಯಂತ್ರ ನಿಲ್ಲಿಸಿದರೆ ಕಂಟೇನರು ಆ ಕ್ಷಣವೇ ಬೀಳುತ್ತದೆ, ಹೆಸರು ತಿದ್ದುವುದೊಂದೇ ದಾರಿ ಎಂದು ಗುರುಪಾದಪ್ಪ ಕಿಟಕಿಯಿಂದ ಕೂಗಿದ. ಹಾಗಾದರೆ ಯಾರ ಹೆಸರು ಬರೆಯಲಿ ಎಂದು ಕೇಳಿದ. ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ಸಾಹೇಬರು ಇದನ್ನು ಸೋಮವಾರದ ಮೀಟಿಂಗಿನಲ್ಲಿ ತೀರ್ಮಾನಿಸೋಣ ಎಂದರು.

ಪೆಟ್ಟಿಗೆಯ ತುಕ್ಕು ಸುಲೋಚನಾಳ ಕಣ್ಣಿಗೆ ಉದುರತೊಡಗಿತ್ತು.

"ನನ್ನ ಹೆಸರ ಹೊಡದ ಹಾಕ್ರಿ! ಯಾರದೂ ಬರೀಬ್ಯಾಡ್ರಿ, ಖಾಲಿ ಬಿಡ್ರಿ!"

ಆ ಕಾರ್ಖಾನೆಯಲ್ಲಿ ಇಂಥದ್ದು ಹಿಂದೆ ನಡೆದಿರಲಿಲ್ಲ. ಗುರುಪಾದಪ್ಪ ಯಂತ್ರದ ಬಾಯಿಂದ ಕಾಗದ ಎಳೆದು, ಹೆಸರು ಹೊಡೆದುಹಾಕಿ ಮತ್ತೆ ತುರುಕಿದ. ಖಾಲಿ ಕಾಲಂ ಕಂಡು ಯಂತ್ರಕ್ಕೆ ದಿಕ್ಕೇ ತೋಚಲಿಲ್ಲ. ಕಂಟೇನರು ಅವಳ ನೆತ್ತಿಯಿಂದ ಎರಡಾಳೆತ್ತರದಲ್ಲಿ ಗಕ್ಕನೆ ನಿಂತಿತು.

ಇಂದಿಗೂ ಅಲ್ಲೇ ನಿಂತಿದೆ. ಜರ್ಮನಿಯವರು ಕೇಳಿದಾಗಲೆಲ್ಲ ಮಾಲು ದಾರಿಯಲ್ಲಿದೆ ಎಂದು ಸಾಹೇಬರು ಉತ್ತರ ಬರೆಯುತ್ತಾರೆ.

ಅದರ ನೆರಳಿಗೆ ಕಾಲಿಡಲು ಯಾರಿಗೂ ಧೈರ್ಯವಿಲ್ಲ. ಸುಲೋಚನಾ ಮಾತ್ರ ದಿನಾ ಮಧ್ಯಾಹ್ನ ಅಲ್ಲೇ ಕುರ್ಚಿ ಹಾಕಿಕೊಂಡು ಊಟ ಮಾಡುತ್ತಾಳೆ. ಭಯವಾಗುವುದಿಲ್ಲವೇ ಎಂದರೆ, ಜೀವವೇ ಬಾಯಿಗೆ ಬರುತ್ತದೆ ಎನ್ನುತ್ತಾಳೆ; ಆದರೆ ಅಲ್ಲಿಗೆ ಯಾರೂ ಕಾಗದ ಹಿಡಿದುಕೊಂಡು ಬರುವುದಿಲ್ಲವಂತೆ.