ನೇಕಾರ ನೋಡುವ ಶಾಸ್ತ್ರ

ನನ್ನ ಷಡ್ಡಕನಿಗೆ ಯಾರ ಮುಖವೂ ನೆನಪಿರುವುದಿಲ್ಲ. ಸ್ವಂತ ಬೀಗರೇ ಬಸ್ ನಿಲ್ದಾಣದಲ್ಲಿ ಎದುರಾದರೂ ಯಾರೋ ಪರಸ್ಥಳದವರೆಂದು ಸರಿದು ದಾರಿ ಬಿಡುತ್ತಾನೆ. ಆದರೆ ಅವರು ನಮಸ್ಕಾರಕ್ಕೆ ಕೈ ಎತ್ತಿದರೆ ಸಾಕು, ಬೆರಳು ನೋಡಿ ಗುರುತು ಹಿಡಿದುಬಿಡುತ್ತಾನೆ!

ನನ್ನ ಹೆಂಡತಿಯ ತಂಗಿಯನ್ನು ಮದುವೆಯಾದ ಈ ಮಹಾಶಯ ಬನಹಟ್ಟಿಯ ಒಂದು ಸೀರೆ ಕಾರ್ಖಾನೆಯಲ್ಲಿ ವಿದ್ಯುತ್ ಮಗ್ಗಗಳಿಗೆ ನೇಕಾರರನ್ನು ಆರಿಸುತ್ತಲೇ ಮುದುಕನಾದವನು. ಒಂದು ಕಾಲಕ್ಕೆ ಕೆಲಸ ಕೇಳುವವರ ಸಾಲು ಗೇಟು ದಾಟಿ ರಸ್ತೆಯವರೆಗೆ ಇರುತ್ತಿತ್ತು. ಇವನು ಗೇಟಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಪ್ರತಿಯೊಬ್ಬನ ಕೈಗೂ ಹರಿದ ಎಳೆ ಕೊಟ್ಟು ಗಂಟು ಹಾಕಿಸುತ್ತಿದ್ದ. ಗಂಟು ಸಾಸಿವೆಗಿಂತ ದಪ್ಪವಾಯಿತೋ, ಅವನು ಮನೆಗೆ! ಒಮ್ಮೆ ದೊಡ್ಡ ಮೀಸೆಯವನೊಬ್ಬ ಬಂದು ಕಣ್ಣಿಗೆ ಕಾಣದಂಥ ಗಂಟು ಹಾಕಿದ. ಆದರೂ ಇವನು ಬೇಡವೆಂದ. ಯಾಕಪ್ಪಾ ಎಂದು ಕೇಳಿದೆ.

"ಮೀಸಿ ತಿರವಾಕ ಅವಗ ಎರಡೂ ಕೈ ಬೇಕು ಯಣ್ಣಾ. ನಮ್ಮ ಎಳಿ ಯಾವಾಗ ಹಿಡೀತಾನ?"

ಆ ಸಾಲು ಎಲ್ಲಿ ಕರಗಿತೋ! ನೇಕಾರರ ಮಕ್ಕಳು ಹಿಪ್ಪರಗಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಹತ್ತಿದರು, ಮುಧೋಳದ ಮೊಬೈಲ್ ಅಂಗಡಿ ಸೇರಿದರು, ನಾಲ್ಕಕ್ಷರ ಓದಿದವರು ತಿಂಗಳ ಪಗಾರ ಹಿಡಿದರು. ದಿನವಿಡೀ ಕಿವಿ ಗಡಚಿಕ್ಕುವ ಮಗ್ಗದ ಮುಂದೆ ನಿಲ್ಲುವ ದರ್ದು ಯಾರಿಗಿದೆ ಹೇಳಿ? ಷಡ್ಡಕ ಮಾತ್ರ ಖಾಲಿ ಗೇಟಿನ ಮುಂದೆ ಅದೇ ಗತ್ತಿನಲ್ಲಿ ಕೂತ. ಬಹಳ ದಿನಕ್ಕೆ ಒಬ್ಬ ತರುಣ ಬಂದ. ಇವನು ಹಿಗ್ಗಿ ಎಳೆ ಕೊಟ್ಟ. ಪಾಪ, ಅವನು ಹೇಗೋ ಗಂಟು ಹಾಕಿಕೊಟ್ಟು, ಇನ್ನು ಕರೆಂಟಿನ ಮೀಟರ್ ನೋಡಲೇ ಎಂದು ಕೇಳಿದ!

ಕೊನೆಗೆ ಮಾಲೀಕರು ಇವನನ್ನು ಕರೆದರು. ದೀಪಾವಳಿಯೊಳಗೆ ಖಾಲಿ ನಿಂತ ಎಂಟು ಮಗ್ಗಗಳಿಗೆ ಆಳು ಸಿಗದಿದ್ದರೆ ಅವು ಗುಜರಿಗೆ ಎಂದರು. ಮಗ್ಗವೇ ಇಲ್ಲದ ಮೇಲೆ ನೇಕಾರರನ್ನು ಆರಿಸುವವನಿಗೆ ಏನು ಕೆಲಸ ಎಂಬುದನ್ನೂ ಮೆಲ್ಲಗೆ ಸೇರಿಸಿದರು. ಒಬ್ಬ ಒಳ್ಳೆಯ ನೇಕಾರ ನಾಲ್ಕು ಮಗ್ಗ ಸಂಭಾಳಿಸುತ್ತಾನೆ. ಅಂದರೆ ಇವನ ಅನ್ನ ಇಬ್ಬರೇ ಇಬ್ಬರ ಮೇಲೆ ನಿಂತಿತ್ತು.

ಅಂದಿನಿಂದ ಇವನು ಕುರ್ಚಿ ಬಿಟ್ಟೆದ್ದ. ಹೆಣ್ಣು ನೋಡಲು ಹೋಗುವವರ ಹಾಗೆ ಚೀಲದಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ ಇಟ್ಟುಕೊಂಡು ನೇಕಾರರನ್ನು ನೋಡಲು ಹೊರಟ. ಹಾಗೆ ಹೋಗುವಾಗ ಜೊತೆಗೊಬ್ಬ ಹಿರಿಯ ಬೇಡವೇ? ಧೋತರ ಉಟ್ಟು ನಾನು ಹೋದೆ.

ಬೀಳಗಿಯ ಬಸ್ಸಿನಲ್ಲಿ ಒಬ್ಬ ಮುದುಕನ ಬೆರಳುಗಳು ಇವನ ಕಣ್ಣಿಗೆ ಬಿದ್ದವು. ತಲೆಗೆ ರುಮಾಲು, ಹಣೆಗೆ ಬೀರೇಶ್ವರನ ಅರಿಶಿನ ಭಂಡಾರ, ಕೈಯಲ್ಲಿ ಕದಿರು. ಬಸ್ಸು ಎಷ್ಟು ಕುಲುಕಿದರೂ ಅವನು ತೆಗೆಯುತ್ತಿದ್ದ ಉಣ್ಣೆಯ ಎಳೆ ಹರಿಯುತ್ತಿರಲಿಲ್ಲ. ಅವನು ಇಳಿದಲ್ಲೇ ನಾವೂ ಇಳಿದೆವು. ಕುರಿಹಟ್ಟಿಯವರೆಗೆ ಬಿಸಿಲಲ್ಲಿ ಹಿಂದೆ ಹಿಂದೆ ನಡೆದು, ಷಡ್ಡಕ ಕಾರ್ಖಾನೆಯ ಗುಣಗಾನವನ್ನೆಲ್ಲ ಮಾಡಿದ. ಮುದುಕ ಸಾವಕಾಶ ಕೇಳಿಸಿಕೊಂಡು ನಮ್ಮಿಬ್ಬರ ಕಾಲುಗಳನ್ನು ನೋಡಿದ.

"ಅಡ್ಡಾಡಾಕ ಗಟ್ಟಿ ಅದೀರಿ. ನನಗೂ ಕುರಿ ಕಾಯಾಕ ಆಳ ಸಿಗವಲ್ರು. ನೀವೇ ಬಂದ್ಬಿಡ್ರಿ."

ಹೋದವರು ನಾವು, ನೌಕರಿ ಸಿಕ್ಕಿದ್ದೂ ನಮಗೇ!

ತೇರದಾಳದಲ್ಲಿ ಮನೆಯ ಮಗ್ಗ ಮಾರಿ ಸುಮ್ಮನೆ ಕೂತ ನೇಕಾರನೊಬ್ಬ ಇದ್ದಾನೆಂದು ಸುದ್ದಿ ಬಂತು. ಹಣ್ಣು ಕಾಯಿ ಹಿಡಿದು ಇಬ್ಬರು ಹಿರಿಯರು ಬಾಗಿಲಿಗೆ ಬಂದರೆ ಆ ಮನೆಯವರು ಏನೆಂದುಕೊಳ್ಳಬೇಕು? ಜಮಖಾನ ಹಾಸಿದರು, ಉಪ್ಪಿಟ್ಟು ಕೊಟ್ಟರು. ತಲೆ ತುಂಬ ಸೆರಗು ಹೊದ್ದ ಮಗಳು ಚಹಾ ತಂದಳು. ಇವರು ನಮ್ಮನ್ನು ಹೆಣ್ಣು ನೋಡಲು ಬಂದವರೆಂದು ತಿಳಿದಿದ್ದಾರೆಂದು ನನಗೆ ಆಗ ಹೊಳೆಯಿತು. ಷಡ್ಡಕನಿಗೋ, ತಟ್ಟೆ ಹಿಡಿದ ಬೆರಳುಗಳ ಹೊರತು ಬೇರೇನೂ ಕಾಣಿಸಿದಂತಿರಲಿಲ್ಲ. ಮಗ್ಗ ನಡೆಸಲು ಬರುತ್ತದೆಯೇ ಎಂದು ಕೇಳಿದ. ಅಪ್ಪನ ಕಣ್ಣು ಮಂಜಾದ ಮೇಲೆ ಮನೆಯ ನಾಲ್ಕೂ ಮಗ್ಗ ತಾನೇ ನಡೆಸಿದ್ದೆ ಎಂದಳು. ಇವನು ಜೇಬಿನಿಂದ ಎಳೆ ತೆಗೆದು ಕೊಟ್ಟ. ಅವಳು ಹಾಕಿದ ಗಂಟನ್ನು ಕನ್ನಡಕ ಏರಿಸಿ ಹುಡುಕಿದರೂ ಅವನಿಗೆ ಸಿಗಲಿಲ್ಲ.

ಅಪ್ಪ ಗಂಟಲು ಸರಿಮಾಡಿಕೊಂಡ. "ಹುಡುಗ ಏನ್ ಮಾಡ್ತಾನ್ರಿ?"

"ಯಾವ ಹುಡುಗ?" ಎಂದ ಷಡ್ಡಕ.

ಜಮಖಾನದ ಕೆಳಗೆ ಹೊಕ್ಕುಬಿಡಬೇಕು ಎನ್ನಿಸಿತು ನನಗೆ! ಮೊದಲು ನಕ್ಕವಳು ಆ ಹುಡುಗಿ.

"ಅಡಗಿ ಬರ್ತೈತೋ, ಹಾಡ ಬರ್ತೈತೋ ಅಂತ ಕೇಳಿ ಹೋದೋರೇ ಎಲ್ಲಾರು. ಮಗ್ಗ ಬರ್ತೈತೇನು ಅಂತ ಯಾರೂ ಕೇಳಿದ್ದಿಲ್ರಿ. ಸೋಮವಾರ ಬರ್ತೀನಿ."

ಬಂದಳು ಕೂಡ. ನಾಲ್ಕು ಮಗ್ಗ ಸದ್ದು ಮಾಡಿದವು. ಉಳಿದದ್ದು ನಾಲ್ಕು. ಅಷ್ಟರಲ್ಲಿ ರಬಕವಿಯ ಒಂದು ಶೆಡ್ಡಿನಲ್ಲಿ ಕೆಲಸ ಬಿಡುವ ಮನಸ್ಸಿದ್ದ ನೇಕಾರನೊಬ್ಬನನ್ನು ಷಡ್ಡಕ ಪತ್ತೆ ಹಚ್ಚಿದ. ಆದರೆ ನಮ್ಮಲ್ಲಿ ಒಂದು ರೂಢಿಯಿದೆ. ಸೀರೆಯ ಉದ್ದಕ್ಕೆ ಸಾಗುವ ಹಾಸಿನ ನೂಲು ಸುತ್ತಿದ ದಪ್ಪ ಉರುಳೆಗೆ ಬೀಮ್ ಅನ್ನುತ್ತೇವೆ. ಬೀಮಿನ ನೂಲು ತೀರುವ ತನಕ ನೇಕಾರ ಮಗ್ಗ ಬಿಡುವಂತಿಲ್ಲ, ಬೇರೆಯವರು ಅವನನ್ನು ಕರೆಯುವಂತೆಯೂ ಇಲ್ಲ. ಹಾಗಾಗಿ ಷಡ್ಡಕ ದಿನಾ ಆ ಶೆಡ್ಡಿನ ಕಿಟಕಿಯಲ್ಲಿ ಇಣುಕಿ, ಸೂಲಗಿತ್ತಿ ಬಸುರಿಯ ಹೊಟ್ಟೆ ನೋಡುವ ಹಾಗೆ ಬೀಮಿನ ಹೊಟ್ಟೆ ನೋಡಿ ಬರುತ್ತಿದ್ದ. ಕೊನೆಗೆ ಗುರುವಾರ ಸಂಜೆ ನೂಲು ತೀರುತ್ತದೆ, ಶುಕ್ರವಾರ ಮುಂಜಾನೆ ಹೋಗೋಣ ಎಂದು ನನ್ನ ಕಿವಿಯಲ್ಲಿ ಹೇಳಿದ. ನನ್ನೊಬ್ಬನ ಕಿವಿಯಲ್ಲಿ.

ನಗಿಸುವ ಮಾತು ಇಲ್ಲಿಗೆ ಮುಗಿಯಿತು. ನನ್ನ ಮಗನದೂ ಒಂದು ಸಣ್ಣ ಶೆಡ್ಡಿದೆ. ಆಳಿಲ್ಲದೆ ಅವನ ಮಗ್ಗಗಳ ಮೇಲೂ ಜೇಡ ಬಲೆ ಕಟ್ಟಿತ್ತು. ಆ ದಿನ ಊಟಕ್ಕೆ ಕೂತಾಗ ಬೀಮಿನ ಸುದ್ದಿಯನ್ನು ಅವನಿಗೆ ಹೇಳಿಬಿಟ್ಟೆ. ಬಾಯಿ ತಪ್ಪಿ ಬಂತು ಎಂದು ಹೆಂಡತಿಗೆ ಹೇಳಿಕೊಂಡೆ. ತಪ್ಪಿ ಬಂದದ್ದಲ್ಲ. ಗುರುವಾರ ಕೊನೆಯ ಎಳೆ ಸರಿಯುವ ಹೊತ್ತಿಗೆ ಮಗ ರಬಕವಿಯ ಆ ಶೆಡ್ಡಿನ ಬಾಗಿಲಲ್ಲಿ ಬೈಕ್ ನಿಲ್ಲಿಸಿಕೊಂಡು ನಿಂತಿದ್ದ.

ಶುಕ್ರವಾರ ನಾನು ಇಸ್ತ್ರಿ ಮಾಡಿದ ಧೋತರ ಉಟ್ಟು ಷಡ್ಡಕನ ಜೊತೆ ಆ ನೇಕಾರನ ಮನೆಗೆ ಹೋದೆ. ಎಲ್ಲ ಗೊತ್ತಿದ್ದೂ ಹೋದೆ! ಗಂಡ ನಿನ್ನೆಯೇ ಬೇರೆ ಕಡೆ ಒಪ್ಪಿಕೊಂಡ ಎಂದು ನೇಕಾರನ ಹೆಂಡತಿ ಹೇಳಿದಾಗ, ಎಲ್ಲರಿಗಿಂತ ಜೋರಾಗಿ ಲೊಚಗುಟ್ಟಿದವನು ನಾನೇ.

ದೀಪಾವಳಿ ಕಳೆಯಿತು. ನಾಲ್ಕು ಮಗ್ಗಗಳನ್ನು ಬಿಚ್ಚಿ ಟೆಂಪೋಕ್ಕೆ ಹೇರಿದರು. ತೇರದಾಳದ ಹುಡುಗಿಯ ಕೆಲಸ ಉಳಿಯಿತು, ಅವಳನ್ನು ತಂದವನ ಕೆಲಸ ಹೋಯಿತು. ತಪ್ಪು ಒಪ್ಪಿಕೊಳ್ಳಬೇಕೆಂದು ಮಾತು ಜೋಡಿಸಿಕೊಂಡು ಅವನ ಮನೆಗೆ ಹೋದೆ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದವನು ಸರಿದು ಜಾಗ ಕೊಟ್ಟ. ನಾನು ಬಾಯಿ ತೆರೆಯುವ ಮುಂಚೆಯೇ ಕೇಳಿದ.

"ನಿಮ್ಮ ಮಗ್ಗ ಶುರು ಆದವಿಲ್ಲೋ?"

ಹೂಂ ಎಂದೆ. ತಲೆ ಎತ್ತಲಾಗಲಿಲ್ಲ.

"ಛಲೋ ಆತು ಬಿಡ್ರಿ. ಯಣ್ಣಾ, ಆ ಮನಶ್ಯಾ ಮಧ್ಯಾಹ್ನ ಉಂಡ ಮ್ಯಾಲ ತುಸು ಅಡ್ಡಾಗತಾನ. ಎಬ್ಬಸಬ್ಯಾಡ್ರಿ. ಎಬ್ಬಸಿದಲ್ಲೆಲ್ಲ ಬಿಟ್ಟ ಬಂದಾನ. ಮಲಗಾಕ ಬಿಟ್ರ ನಿಮ್ಮಲ್ಲೇ ನಿಲ್ತಾನ."

ನಾನೂ ಒಂದು ಹಿಡಿ ಶೇಂಗಾ ಎತ್ತಿಕೊಂಡು ಸುಲಿಯತೊಡಗಿದೆ.

ಮರಳಿ ಬಂದಾಗ ನಮ್ಮ ಶೆಡ್ಡಿನಲ್ಲಿ ಆ ನೇಕಾರ ಮಗ್ಗದ ಬದಿಗೆ ಟವೆಲ್ ಹಾಸಿ ನಿದ್ದೆ ಹೋಗಿದ್ದ. ಆರ್ಡರ್ ಬಾಕಿಯಿದೆಯೆಂದು ಮಗ ಸಿಡಿಮಿಡಿಗುಟ್ಟುತ್ತ ಮಗ್ಗದ ಸ್ವಿಚ್ಚಿನ ಕಡೆ ನಡೆದ. ನಾನು ಒಂದು ಸ್ಟೂಲು ಎಳೆದುಕೊಂಡು ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತೆ. ಈಗ ದಿನಾ ಮಧ್ಯಾಹ್ನ ನನ್ನ ಕೆಲಸ ಅದೇ.