ಬೀಗಿತ್ತಿಗೆ ಕ್ಯಾರೆಟ್ ಹಲ್ವ

ನಮ್ಮ ಸೋದರತ್ತೆಗೆ ಬಿಳಿಚೋಡಿನಲ್ಲಿ ಬೀಗರಿದ್ದಾರೆ. ಸ್ವಂತ ಊರು ಸಂತೇಬೆನ್ನೂರಿನಲ್ಲಿ ಒಬ್ಬಳು ಬೀಗಿತ್ತಿ ಇದ್ದಾಳೆ. ಬಿಳಿಚೋಡಿನವರಿಗೆ ಎರಡೆರಡು ಕಾಲು. ಊರಿನವಳಿಗೆ ನಾಲ್ಕು ಕಾಲು, ಮೇಲೊಂದು ಬಾಲ! ನಗಬೇಡಿ. ಅತ್ತೆಯ ಎದುರು ಅದನ್ನು ಬರೀ ಕುದುರೆ ಎಂದವರಿಗೆ ಆ ಮನೆಯಲ್ಲಿ ಕಾಫಿ ಸಿಕ್ಕುವುದಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಎಲ್ಲಿ ಮದುವೆಯಿದ್ದರೂ ಗೂಡ್ಸ್ ಗಾಡಿ ಹತ್ತಿ ಹೋಗಿ, ಮದುಮಗನನ್ನು ಹೊತ್ತು ಮೆರೆಸುವ ಬಿಳಿ ಹೆಣ್ಣುಗುದುರೆ ಅದು. ಅತ್ತೆಯ ಮಗಳ ಮದುವೆಗೂ ಗಂಡು ಬಂದದ್ದು ಅದರ ಮೇಲೆಯೇ. ಹೆಣ್ಣಿನ ಕಡೆಯವರ ಪ್ರಾಣಸಂಕಟ ಗೊತ್ತಲ್ಲ? ಗಂಡಿನ ಕಡೆಯ ಒಬ್ಬರು ಉಣ್ಣದೆ ಹೋದರೂ ಆ ಮಾತು ಮೊಮ್ಮಕ್ಕಳ ನಾಮಕರಣದಲ್ಲಿ ಮತ್ತೆ ಎದ್ದು ಬರುತ್ತದೆ! ಕೊನೆಯ ಪಂಕ್ತಿ ಎದ್ದ ಮೇಲೆ ಅತ್ತೆ, "ನಿಮ್ಮ ಕಡ್ಯೋರು ಎಲ್ರೂ ಉಂಡ್ರೇನ್ರಿ?" ಎಂದು ವಿಚಾರಿಸಿದರು. ಎಲೆಅಡಿಕೆ ಹಾಕಿಕೊಂಡು ಕೂತಿದ್ದ ವರನ ಚಿಕ್ಕಪ್ಪ, "ಎಲ್ರುದೂ ಆತಮ್ಮ, ನಮ್ಮ ಕುದ್ರೆದೊಂದು ಉಳದೈತೆ ನೋಡ್ರಿ" ಎಂದು ನಕ್ಕರು.

ಅವರು ನಕ್ಕರು. ಅತ್ತೆ ನಗಲಿಲ್ಲ! ಮಂಟಪದ ಹಿಂದಕ್ಕೆ ಓಡಿ, ಕುದುರೆಯ ಮುಂದೆ ಬಾಳೆಲೆ ಹಾಸಿ, ಉಪ್ಪಿನಕಾಯಿ ಒಂದನ್ನು ಬಿಟ್ಟು (ಪುಣ್ಯ, ಅಷ್ಟು ಬುದ್ಧಿ ಇತ್ತು) ಕೋಸಂಬರಿ, ಹೋಳಿಗೆ, ಬೆಲ್ಲ ಎಲ್ಲ ಬಡಿಸಿ, "ಸಂಕೋಚ ಮಾಡ್ಕಬ್ಯಾಡ್ರಿ, ನಿಧಾನಕ್ಕೆ ಉಣ್ರಿ" ಎಂದು ಬಹುವಚನದಲ್ಲೇ ಉಪಚರಿಸಿದರು. ಕುದುರೆ ಎಲ್ಲವನ್ನೂ ಮುಗಿಸಿ ಕೊನೆಗೆ ಎಲೆಯನ್ನೂ ತಿಂದಿತು. ಎಂಜಲೆಲೆ ಎತ್ತುವ ಕೆಲಸ ಉಳಿಸಿದ ಬೀಗರನ್ನು ಅತ್ತೆ ಜೀವಮಾನದಲ್ಲೇ ಕಂಡಿರಲಿಲ್ಲ. ನೆಂಟಸ್ತನ ಅಲ್ಲಿಗೆ ಗಟ್ಟಿಯಾಯಿತು.

ಕುದುರೆ ಕಟ್ಟುವ ಲಾಯ ಅತ್ತೆಯ ಮನೆಯಿಂದ ಎರಡು ಬೀದಿ ಆಚೆ. ದಿನಾ ಅಲ್ಲಿಗೆ ಸವಾರಿ. ಸಂತೆಯಲ್ಲಿ ಕ್ಯಾರೆಟ್ ಆರಿಸುವಾಗ ಒಂದೊಂದನ್ನೂ ಮುರಿದು ರುಚಿ ನೋಡುವುದು! ತರಕಾರಿಯವಳು ರೇಗಿ, "ಕುದ್ರೆಗೆ ಅಂದ್ರೆ ಈ ಸೊಟ್ಟನವು ಒಯ್ರಿ, ಅಗ್ಗಕ್ಕೆ ಹಾಕ್ತೀನಿ" ಎಂದಳು. "ನಿಮ್ಮ ಬೀಗ್ರಿಗೆ ನೀನು ಸೊಟ್ಟನವು ಬಡಿಸ್ತೀಯೇನವ್ವ?" ಎಂದರು ಅತ್ತೆ. ಪಾಪ, ಅವಳು ನೆಟ್ಟಗಿರುವವನ್ನೇ ಆರಿಸಿ ತೂಗಿಕೊಟ್ಟಳು.

ಒಮ್ಮೆ ಕ್ಯಾರೆಟ್ ತುರಿದು, ತುಪ್ಪ ಸುರಿದು, ಏಲಕ್ಕಿ ಹಾಕಿ ಹಲ್ವವನ್ನೇ ಮಾಡಿದರು. ಘಮಕ್ಕೆ ಸೋತು ಅಡುಗೆಮನೆಗೆ ಬಂದ ಮಾವನ ಕೈಗೆ ಸೌಟಿನ ಏಟು ಬಿತ್ತು. "ತಡೀರಿ, ಮೊದ್ಲು ಬೀಗ್ತೀದಾಗ್ಲಿ!" ಮಾವ ಕೈ ಉಜ್ಜಿಕೊಳ್ಳುತ್ತ ನನಗೆ ಹೇಳಿದರು: "ನಂಗೂ ಒಂದು ಬಾಲ ಇದ್ದಿದ್ರೆ ಈ ಮನ್ಯಾಗೆ ತುಪ್ಪ ಬೀಳ್ತಿತ್ತು ನೋಡವ್ವ."

ಕುದುರೆಗೂ ರುಚಿ ಹತ್ತಿತು. ಒಂದು ಸಂಜೆ ಯಾರದೋ ಮೆರವಣಿಗೆ ಹೋಗುತ್ತಿದ್ದಾಗ, ಮದುಮಗನ ಸಮೇತ ನಮ್ಮತ್ತೆಯ ಬೀದಿಗೆ ತಿರುಗಿ ಗೇಟಿನ ಮುಂದೆ ನಿಂತೇಬಿಟ್ಟಿತು! ಹಿಂದೆ ಬ್ಯಾಂಡಿನವರು, ಅವರ ಹಿಂದೆ ನೆಂಟರು. ಅತ್ತೆ ಲಾಡು ಹಿಡಿದು ಹೊರಗೆ ಬಂದರು. ಬೆಳಗಿನಿಂದ ಹಸಿದಿದ್ದ ಮದುಮಗ ಮೇಲಿನಿಂದ ಕೈ ಚಾಚಿದ. "ನಿನಗಲ್ಲಪ್ಪ, ನಿನಗೆ ಮಂಟಪದಾಗೆ ಕೊಡ್ತಾರೆ ಹೋಗು" ಎಂದು ಲಾಡನ್ನು ಕುದುರೆಯ ಬಾಯಿಗಿಟ್ಟರು.

ಹೀಗೆ ತಿಂದರೆ ಏನಾಗಬೇಕೋ ಅದೇ ಆಯಿತು. ಕುದುರೆ ಕುಂಟತೊಡಗಿತು. ದನದ ಡಾಕ್ಟರು ಗೊರಸು ಮುಟ್ಟಿ ನೋಡಿ, "ಯಾರ್ರೀ ಇದಕ್ಕೆ ಇಷ್ಟು ಸಿಹಿ ತಿನ್ಸಿದ್ದು? ಸಿಹಿ ಹೆಚ್ಚಾದ್ರೆ ಕುದ್ರೆಗೆ ಗೊರಸಿಗೇ ಬಾವು ಬರ್ತೈತೆ" ಎಂದು ಗದರಿದರು. ಕುದುರೆಯ ಯಜಮಾನ ಅತ್ತೆಯ ಕಡೆ ನೋಡದೆ, "ಪ್ರೀತಿಗೆ ಕೊಟ್ಟಾರೆ ಸಾರ್" ಎಂದ. "ಪ್ರೀತಿ ಹಿಂಗೇ ಮಾಡಿದ್ರೆ ಇದು ಕಾಲು ಊರಾಕೂ ಆಗಲ್ಲ, ತಿಳ್ಕೊಳ್ರಿ." ಅತ್ತೆ ಮೆಲ್ಲಗೆ, "ಒಂದೇ ಒಂದು ಕ್ಯಾರೆಟ್?" ಎಂದರು. "ವಾಸಿಯಾಗೋವರ್ಗೂ ಅದೂ ಬ್ಯಾಡ."

ಅಂದಿನಿಂದ ಅತ್ತೆ ಲಾಯದ ಕಡೆ ಹೋಗುವುದನ್ನೇ ಬಿಟ್ಟರು. ಸಂತೆಗೂ ಸುತ್ತುದಾರಿ ಹಿಡಿದು ಹೋದರು. ಚನ್ನಗಿರಿಯಿಂದ ನಾನು ಹೋದಾಗ, "ಸಿಹಿ ತಾನೇ ಬೇಡ ಅಂದಿದ್ದು, ಸುಮ್ಮನೆ ನೋಡಿ ಬರಬಾರದಾ?" ಎಂದು ಕೇಳಿದೆ.

"ಬರಿಗೈಲಿ ಹೆಂಗೆ ಹೋಗಾಕಾಗ್ತೈತೆ? ಕೈಯಾಗೆ ಏನೂ ಇಲ್ದಿದ್ರೆ ನನ್ನ ಯಾರು ಕೇಳ್ತಾರೇ?" ಎಂದರು ಅತ್ತೆ. ನಗುತ್ತಲೇ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ. ಬಲವಂತ ಮಾಡಿ ಕರೆದುಕೊಂಡು ಹೋದೆ.

ಅತ್ತೆ ಲಾಯದ ಬಾಗಿಲಲ್ಲೇ ನಿಂತರು. ಕುದುರೆ ಕುಂಟುತ್ತ ಬಂದು ಬಲಗೈ ಮೂಸಿತು, ಎಡಗೈ ಮೂಸಿತು, ಸೆರಗು ಮೂಸಿತು. ಏನೂ ಸಿಗಲಿಲ್ಲ. ಅತ್ತೆ ಮುಖ ಆಚೆ ತಿರುಗಿಸಿ, "ಏನೂ ತಂದಿಲ್ಲ ಕಣವ್ವ. ಹೋಗು, ನಂಗೇನೂ ಬೇಜಾರಿಲ್ಲ" ಎಂದರು. ಕುದುರೆ ಹೋಗಲಿಲ್ಲ. ನೋಯುವ ಕಾಲನ್ನು ಸ್ವಲ್ಪ ಎತ್ತಿಕೊಂಡು, ಆ ದೊಡ್ಡ ತಲೆಯನ್ನು ಅವರ ಹೆಗಲ ಮೇಲಿಟ್ಟು ನಿಂತಿತು.

ಅತ್ತೆ ಅದರ ಕೆನ್ನೆಗೆ ಒಂದು ಕೈ ಆನಿಸಿ, ನಂಬಿಕೆ ಬಾರದವರ ಹಾಗೆ, "ಬರಿಗೈಲಿ ಬಂದ್ರೂ ನಿಂತೈತೆ ನೋಡೇ" ಎಂದರು. ಕಣ್ಣಲ್ಲಿ ನೀರಿತ್ತು. ಅವರ ಇನ್ನೊಂದು ಕೈಯನ್ನು ನಾನು ಹಿಡಿದುಕೊಂಡೆ.