ಪಾಯಿಂಟಪ್ಪನ ಪರಿಚಯದ ಹೆಂಡತಿ

ದುಡ್ಡು ಕೊಟ್ಟು ವಿಮಾನ ಹತ್ತುವವರನ್ನು ಕಂಡರೆ ಪಾಯಿಂಟಪ್ಪನಿಗೆ ಮರುಕ. ಮರುಕ ಎಂದದ್ದು ಮರ್ಯಾದೆಗೆ. ಒಳಗೆ ಇದ್ದದ್ದು ತಾತ್ಸಾರ. ಕ್ರೆಡಿಟ್ ಕಾರ್ಡಿನಿಂದ ಉದುರುವ ಪಾಯಿಂಟುಗಳನ್ನು ಗುಡ್ಡೆ ಹಾಕಿ ಪುಕ್ಕಟೆ ಹಾರುವುದು ಬಿಟ್ಟು ಟಿಕೆಟ್ಟಿಗೆ ಪೂರ್ತಿ ಬೆಲೆ ತೆರುವವರು ಅವನ ಪ್ರಕಾರ ಶುದ್ಧ ಗುಗ್ಗುಗಳು. ಇಷ್ಟೆಲ್ಲ ತಿಳಿದ ಈ ಮಹಾಜ್ಞಾನಿ ಮದುವೆಯಾಗಿ ಹನ್ನೊಂದು ವರ್ಷವಾದರೂ ಹೆಂಡತಿಯ ಜೊತೆ ಒಮ್ಮೆಯೂ ವಿಮಾನ ಹತ್ತಿರಲಿಲ್ಲ.

ಪಾಯಿಂಟಪ್ಪ ಎಂಬುದು ಅತ್ತೆ ಇಟ್ಟ ಹೆಸರು. ನಲ್ಲಿ, ಸಿಂಕು, ಕಮೋಡು ಮಾರುವ ಮಳಿಗೆಯಲ್ಲಿ ಅವನು ಮ್ಯಾನೇಜರು. ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ದಿನವಿಡೀ ನಿಂತು, ಮಸೂರ ಬದಲಿಸುತ್ತ, ಈಗ ಕಾಣುತ್ತದೆಯೇ, ಈಗ ಕಾಣುತ್ತದೆಯೇ ಎಂದು ಕೇಳುವುದೇ ಅವಳ ಬಾಳಾಗಿತ್ತು. ಗಂಡನ ಪಕ್ಕ ಒಂದು ವಾರ ಸಮುದ್ರದ ದಂಡೆಯಲ್ಲಿ ಕೂತು, ಎದುರಿಗೆ ಗೋಡೆಯಿಲ್ಲದ ಕಡೆ ತನ್ನ ಕಣ್ಣನ್ನೂ ಹಾಯಿಸಬೇಕೆಂಬುದು ಅವಳಿಗಿದ್ದ ಒಂದೇ ಆಸೆ. ದುಡ್ಡಿಗೆ ಬರವಿರಲಿಲ್ಲ. ಕೇಳಿದಾಗಲೆಲ್ಲ ಅವನು ಮಾತ್ರ, ತಡಿ, ಪಾಯಿಂಟ್ ಕೂಡಲಿ ಎನ್ನುತ್ತಿದ್ದ.

ಕೂಡಿಸುವ ವೈಖರಿಯನ್ನಾದರೂ ಕೇಳಿ. ಅವಳಿಗೂ ಒಂದು ಕಾರ್ಡ್ ಮಾಡಿಸಿ, ಇದಕ್ಕೆ 'ದಾಂಪತ್ಯ ಜಂಟಿ ಕಾರ್ಯಾಚರಣೆ' ಎಂದು ಹೆಸರಿಟ್ಟ. ದಿನಸಿ ಅವನ ಕಾರ್ಡಿಗೆ, ಔಷಧಿ ಅವಳ ಕಾರ್ಡಿಗೆ, ಪೆಟ್ರೋಲು ಅವನದಕ್ಕೆ, ಚಪ್ಪಲಿ ಅವಳದಕ್ಕೆ. ಒಮ್ಮೆ ಅವಳು ಔಷಧಿ ಅಂಗಡಿಯಲ್ಲಿ ನಿಂತು, ಕೆಮ್ಮುತ್ತಲೇ ಫೋನು ಮಾಡಿ, ಜೇನುತುಪ್ಪ ಯಾವ ಕಾರ್ಡಿಗೆ ಎಂದು ಕೇಳಬೇಕಾಯಿತು. ಕೆಮ್ಮಿಗಾದರೆ ಔಷಧಿ, ರುಚಿಗಾದರೆ ದಿನಸಿ ಎಂದು ಘನ ತೀರ್ಪು ಬಂತು. ಹೋಟೆಲಿನಲ್ಲಿ ಬಂಧುಗಳು ಸಿಕ್ಕರೆ ಬಿಲ್ಲನ್ನು ಕಿತ್ತುಕೊಂಡು ತನ್ನ ಕಾರ್ಡ್ ಉಜ್ಜಿ, ಆಮೇಲೆ ಒಬ್ಬೊಬ್ಬರ ಮುಂದೆಯೂ ಕೈ ಚಾಚುತ್ತಿದ್ದ. ಕ್ರಮೇಣ ಬಂಧುಗಳು ಸಿಗುವುದನ್ನೇ ಬಿಟ್ಟರು. ಕಳೆದ ತಿಂಗಳು, ಇಂತಿಷ್ಟು ಖರ್ಚು ಮಾಡಿದರೆ ಹೆಚ್ಚುವರಿ ಪಾಯಿಂಟು ಎಂಬ ಆಮಿಷಕ್ಕೆ ಬಿದ್ದು, ತನ್ನ ಕಾರ್ಡಿನ ಮಿತಿ ಮುಟ್ಟುವ ತನಕ ಖರೀದಿಸಿ, ಮನೆಗೆ ಟ್ರೆಡ್‌ಮಿಲ್ ತಂದ. (ಅದರ ಮೇಲೆ ಇವತ್ತಿನವರೆಗೆ ಹತ್ತಿದ್ದು ಒದ್ದೆ ಟವೆಲ್ಲುಗಳು ಮಾತ್ರ.)

ಅಂತೂ ಒಂದು ಭಾನುವಾರ ಬೆಳಿಗ್ಗೆ, ಅವನವು ಒಂದು ಟಿಕೆಟ್ಟಿಗೂ ಸಾಲದಿದ್ದರೂ ಅವಳವೂ ಸೇರಿದರೆ ಎರಡು ಟಿಕೆಟ್ ಆಗುತ್ತದೆ ಎಂದು ಘೋಷಣೆಯಾಯಿತು. ಅವಳು ರಜೆ ಹಾಕಿಯೇಬಿಟ್ಟಳು. ಇಬ್ಬರ ಪಾಯಿಂಟುಗಳನ್ನು ಒಂದೇ ಕಡೆ ಸೇರಿಸಿ ಎಂದು ಕೇಳಲು ಪಾಯಿಂಟಪ್ಪ ಬ್ಯಾಂಕಿಗೆ ಫೋನು ಮಾಡಿ, ಹೆಂಡತಿಯೂ ತನ್ನ ಚಾಕಚಕ್ಯತೆ ಕೇಳಲಿ ಎಂದು ಸ್ಪೀಕರ್ ಹಾಕಿದ. ಆ ಕಡೆಯ ಹುಡುಗಿಯ ದನಿಯಲ್ಲಿ ವಿನಯ ಸುರಿಯುತ್ತಿತ್ತು.

"ಒಂದೇ ಮನೆಯವರಾದ್ರೆ ಸೇರಿಸಬಹುದು ಸರ್. ಇವರು ನಿಮಗೇನಾಗಬೇಕು?"

"ಹೆಂಡತಿ."

"ನಮ್ಮಲ್ಲಿ 'ಪರಿಚಯ' ಅಂತಿದೆಯಲ್ಲ ಸರ್. ಯಾವಾಗ ಮದುವೆ ಆಯ್ತು?"

"ಹನ್ನೊಂದು ವರ್ಷ ಆಯ್ತು."

"ಆದ್ರೆ ಪರಿಚಯ ಅಂತ ನೀವು ಹೇಳಿರೋದು ನಾಲ್ಕು ವರ್ಷದ ಹಿಂದೆ ಸರ್."

ಪಾಯಿಂಟಪ್ಪನ ಮುಖ ಇಳಿಯಿತು. ನಡೆದದ್ದು ಇಷ್ಟೇ. ಹೊಸ ಗ್ರಾಹಕರನ್ನು ಕರೆತಂದರೆ ಬ್ಯಾಂಕು ಬಹುಮಾನದ ಪಾಯಿಂಟು ಕೊಡುತ್ತಿತ್ತು. ಒಂದೇ ಮನೆಯವರಾದರೆ ಕೊಡುತ್ತಿರಲಿಲ್ಲ. ಆ ಬಹುಮಾನದ ಆಸೆಗೆ ಈ ಚಾಣಾಕ್ಷ ಸ್ವಂತ ಹೆಂಡತಿಯನ್ನು ಪರಿಚಯದವಳನ್ನಾಗಿ ಮಾಡಿ, ವಿಳಾಸಕ್ಕೆ ಅವಳ ತವರುಮನೆಯನ್ನು ಕೊಟ್ಟಿದ್ದ. ಈಗ ಹೆಂಡತಿ ಎಂದು ಸಾಬೀತು ಮಾಡಿದರೆ ಅಂದಿನ ಸುಳ್ಳೂ ಸಾಬೀತಾಗಿ ಇಬ್ಬರ ಪಾಯಿಂಟುಗಳೂ ರದ್ದಾಗುತ್ತವೆ ಎಂದು ಹುಡುಗಿ ಅಷ್ಟೇ ವಿನಯದಿಂದ ತಿಳಿಸಿದಳು. ಅವನು ಗಂಟಲು ಸರಿಮಾಡಿಕೊಂಡು, ಪರಿಚಯವೇ ಇರಲಿ ಬಿಡಿ ಎಂದು ಫೋನು ಇಟ್ಟ.

ಹೆಂಡತಿ ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಬರೀ ಪರಿಚಯಕ್ಕೇ ಹನ್ನೊಂದು ವರ್ಷ ನಿಮ್ಮ ಬಟ್ಟೆ ಒಗೆದೆನಾ ನಾನು?"

ಅದು ಬ್ಯಾಂಕಿನವರಿಗೆ ಹೇಳಿದ್ದು, ಮನಸ್ಸಿನಲ್ಲಿ ಹಾಗಿಲ್ಲ ಎಂದೆಲ್ಲ ಅವನು ಸಮಾಧಾನ ಹೇಳಿದ. ಅವಳಿಗೆ ಮನಸ್ಸಿನ ವಿಚಾರ ಬೇಕಿರಲಿಲ್ಲ. ತನ್ನ ಪಾಯಿಂಟಿನಲ್ಲಿ ತನ್ನ ಟಿಕೆಟ್ ಆಗುತ್ತದೆ, ಇನ್ನೊಂದಕ್ಕೆ ದುಡ್ಡು ಕೊಟ್ಟುಬಿಡಿ, ಇಬ್ಬರೂ ಹೋಗೋಣ ಎಂದಳು. ದುಡ್ಡು ಎಂಬ ಮಾತು ಕೇಳಿ ಅವನಿಗೆ ಮೈ ಉರಿಯಿತು. ಬುಧವಾರ ಬೆಲೆ ಇಳಿಯುತ್ತದೆ ಎಂದ. ಬುಧವಾರ ಬೆಲೆ ಏರಿತು. ಶುಕ್ರವಾರ ಖಂಡಿತ ಎಂದ. ಅವಳು ಮತ್ತೆ ಕೇಳಲಿಲ್ಲ. ಒಳಗೆ ಹೋಗಿ ತಾಯಿಗೆ ಫೋನು ಮಾಡಿದಳು.

ಬಹುಮಾನದ ಚಪಲಕ್ಕೆ ಪಾಯಿಂಟಪ್ಪ ಅತ್ತೆಗೂ ಒಂದು ಕಾರ್ಡ್ ಅಂಟಿಸಿದ್ದ. ಬ್ಯಾಂಕಿನ ಕಣ್ಣಿಗೆ ತಾಯಿ, ಮಗಳು ಇಬ್ಬರೂ ಒಂದೇ ಮನೆಯವರು! ಎರಡು ನಿಮಿಷದಲ್ಲಿ ಪಾಯಿಂಟುಗಳು ಸೇರಿದವು, ಎರಡು ಟಿಕೆಟ್ ಆದವು. ಮರುದಿನವೇ ಅತ್ತೆ ಸೂಟ್‌ಕೇಸು ಸಮೇತ ಬಂದು, ಅಳಿಯಂದಿರು ನಿಜಕ್ಕೂ ಬುದ್ಧಿವಂತರು ಎಂದು ಬಾಯಿತುಂಬ ಹೊಗಳಿ ಸೋಫಾದ ಮೇಲೆ ಕೂತರು.

ಸಂಜೆ ಕೆಲಸದಿಂದ ಬಂದವನಿಗೆ ಮಂಚದ ಮೇಲೆ ತೆರೆದಿಟ್ಟ ಪೆಟ್ಟಿಗೆ ಕಂಡಿತು. ಅವಳು ಹೊಸ ಸೀರೆಯೊಂದನ್ನು ಮಡಿಚುತ್ತಿದ್ದಳು.

"ನನ್ನ ಬಿಟ್ಟು ಹೋಗ್ತೀಯಾ?"

"ನಿಮ್ಮ ಜೊತೆ ಹೋಗ್ಬೇಕು ಅಂತಾನೇ ಇಷ್ಟು ವರ್ಷ ಕಾದೆ ಕಣ್ರೀ. ಇನ್ನು ಕಾಯಕ್ಕೆ ಆಗಲ್ಲ."

ಅವಳು ಸಿಟ್ಟಿನಿಂದ ಹೇಳಿದ್ದರೆ ಅವನು ಜಗಳಕ್ಕೆ ನಿಲ್ಲುತ್ತಿದ್ದ. ಮೆಲ್ಲಗೆ ಹೇಳಿ ಮತ್ತೆ ಸೀರೆಯ ಅಂಚು ನೀವತೊಡಗಿದಳು. ಪಾಯಿಂಟಪ್ಪನಿಗೆ ನಾಚಿಕೆಯಾಯಿತು. ಹಜಾರಕ್ಕೆ ಬಂದು ಫೋನು ತೆಗೆದು ನೋಡಿದರೆ ಅದೇ ವಿಮಾನದಲ್ಲಿ ಉಳಿದದ್ದು ಒಂದೇ ಸೀಟು, ಬೆಲೆ ಬುಧವಾರದ್ದಕ್ಕಿಂತ ದುಪ್ಪಟ್ಟು. ಹಲ್ಲು ಕಚ್ಚಿ ತನ್ನ ಕಾರ್ಡಿನ ಅಂಕಿಗಳನ್ನು ಒತ್ತಿದ. ಕಾರ್ಡ್ ಒಪ್ಪಲಿಲ್ಲ, ಟ್ರೆಡ್‌ಮಿಲ್ಲು ಅದರ ಮಿತಿಯನ್ನು ಮೊದಲೇ ನುಂಗಿಹಾಕಿತ್ತು. ಕೊನೆಗೆ ಹೆಂಡತಿಯ ಕಾರ್ಡಿನ ಅಂಕಿಗಳನ್ನು ಒತ್ತಿದ. (ಅವಳು ಹುಟ್ಟಿದ ದಿನ ಮರೆತರೂ ಕಾರ್ಡಿನ ಹದಿನಾರು ಅಂಕಿ ಅವನಿಗೆ ಬಾಯಿಪಾಠ.) ಖಾತ್ರಿಗೆಂದು ಬ್ಯಾಂಕು ಕಳಿಸುವ ಗುಪ್ತಸಂಖ್ಯೆ ಕೋಣೆಯಲ್ಲಿದ್ದ ಅವಳ ಫೋನಿಗೆ ಹೋಯಿತು.

ಅವಳು ಫೋನು ಹಿಡಿದು ಹೊರಗೆ ಬಂದು, ಅವನ ಮುಖ ನೋಡಿ, ಏನೂ ಕೇಳದೆ ಸಂಖ್ಯೆಯನ್ನು ಓದಿ ಹೇಳಿದಳು. ಟಿಕೆಟ್ ಆಯಿತು.

"ನಿನಗೋಸ್ಕರ ಪೂರ್ತಿ ಬೆಲೆ ಕೊಟ್ಟೆ ಕಣೇ. ಕಾರ್ಡ್ ನಿಂದಾದ್ರೂ ಬಿಲ್ಲು ನಾನೇ ಕಟ್ತೀನಿ," ಎಂದ ಪಾಯಿಂಟಪ್ಪ. ಅವಳ ಕಣ್ಣು ತುಂಬಿ ಬಂತು. ಅವನ ಪಕ್ಕ ಕೂತು ಕೈ ಹಿಡಿದುಕೊಂಡಳು. ಜನ್ಮದಲ್ಲಿ ಮೊದಲ ಸಲ ದುಡ್ಡು ಕೊಟ್ಟೂ ಅವನಿಗೆ ಹಿತವೆನಿಸಿತು.

ಅಷ್ಟರಲ್ಲಿ ಅವಳ ಫೋನು ಮತ್ತೆ ಟಿಣ್ ಎಂದಿತು. ವಿಮಾನದ ಟಿಕೆಟ್ ಕೊಂಡದ್ದಕ್ಕೆ ಅವಳ ಖಾತೆಗೆ ಮೂರು ಪಟ್ಟು ಪಾಯಿಂಟು ಬಂದಿತ್ತು. ಅವಳು ಅದನ್ನು ಜೋರಾಗಿ ಓದಿದಳು.

ಸೋಫಾದ ಮೇಲಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಹಾಗಾದ್ರೆ ಮುಂದಿನ ಸಲಕ್ಕೆ ನಿಮ್ಮಕ್ಕನ ಟಿಕೆಟ್ಟೂ ಆಯ್ತು ಅನ್ನು."

"ಮತ್ತೆ ಇವರದ್ದು?"

"ಅವರಿಗೇನೇ, ದುಡ್ಡು ಕೊಟ್ಟು ಬರ್ತಾರೆ."